ಅರ್ಧ ಚುಟ್ಟಾ ಮುಗಿಯುವವರೆಗೆ

ಅವ್ವ ಈಗಲೂ ದಿನಾ ಬೆಳಿಗ್ಗೆ ತನ್ನ ಬಿಪಿ ಗುಳಿಗೆಯನ್ನು ಅದರಲ್ಲೇ ಎರಡು ಮಾಡುತ್ತಾಳೆ. ಗುಳಿಗೆಯನ್ನು ನಡುವಿನ ತೂತಿನಲ್ಲಿಟ್ಟು, ಎರಡು ಬದಿಯ ಉಂಗುರಗಳಿಗೆ ಬೆರಳು ತೂರಿಸಿ ಒತ್ತಿದರೆ ಟಕ್ ಎನ್ನುತ್ತದೆ. ಆ ಸದ್ದು ಬರುವ ಮೊದಲೇ ನಾನು ಹಿತ್ತಲಿಗೆ ಎದ್ದು ಹೋಗಿರುತ್ತೇನೆ. ಅವ್ವ ನೋಡಿಯೂ ನೋಡದವಳಂತೆ ನೀರು ಕುಡಿಯುತ್ತಾಳೆ.

ಅದು ಸಿಗಾರಿನ ತುದಿ ಕತ್ತರಿಸುವ ಕಟರ್. ಪಾಪಿನಾಯಕನಹಳ್ಳಿಯ ನಮ್ಮ ಮನೆಯಲ್ಲಿ ಸಿಗಾರ್ ಸೇದಿದವರು ಯಾರೂ ಇಲ್ಲ. ಅಪ್ಪ ಸಂಡೂರು ಕಡೆಯ ಒಂದು ಅದಿರು ಗಣಿಯಲ್ಲಿ ಬ್ಲಾಸ್ಟರ್ ಆಗಿದ್ದ. ಬಂಡೆಗೆ ಕೊರೆದ ಕುಳಿಗಳಿಗೆ ಮದ್ದು ತುಂಬಿ ಸಿಡಿಸುವ ಕೆಲಸ. ಅದಿರು ಕೊಳ್ಳಲು ಬಂದ ಹೊರದೇಶದವರು ಗಣಿ ಮಾಲೀಕರಿಗೆ ಸಿಗಾರಿನ ಪೆಟ್ಟಿಗೆಗಳನ್ನು ಕೊಟ್ಟಿದ್ದರಂತೆ. ಆಯುಧಪೂಜೆಯ ದಿನ ಅವುಗಳಲ್ಲೊಂದು ಕಟರ್ ಸಮೇತ ಅಪ್ಪನ ಕೈಗೆ ಬಂತು. ಮನೆಗೆ ತಂದು ಒಂದನ್ನು ಹಚ್ಚಿದ, ಕೆಮ್ಮಿದ.

"ಇದೇನಿದು, ಒಣಾ ಹುಲ್ಲು ಸುಟ್ಟಂಗ ಐತಿ. ನಮ್ಮ ಕಂಪ್ಲಿ ಸಂತಿ ಚುಟ್ಟಾದ ಮುಂದ ಇದನ್ನ ಯಾವನು ಸೇದ್ತಾನ?"

"ಎರಡೂ ಬ್ಯಾಡ ಬಿಡ್ರಿ, ಮನಿ ತುಂಬ ನಾರತೈತಿ," ಎಂದಳು ಅವ್ವ.

ಸಿಗಾರುಗಳನ್ನು ಓಣಿಯವರಿಗೆ ಹಂಚಿದ. ಕಟರ್ ಮಾತ್ರ ಇಟ್ಟುಕೊಂಡ. ಅದಕ್ಕೆ 'ಉಂಗುರ ಕತ್ತರಿ' ಎಂದು ಹೆಸರನ್ನೂ ಇಟ್ಟ. ಅವ್ವ ಅದರಲ್ಲಿ ಹೂವಿನ ದಾರ ಕತ್ತರಿಸಿದಳು, ನಾನು ಪೆನ್ಸಿಲ್ ಕತ್ತರಿಸಲು ಹೋಗಿ ಬೈಸಿಕೊಂಡೆ. ಅಪ್ಪನಿಗೆ ಅದು ಬೇಕಿದ್ದದ್ದು ಒಂದೇ ಕೆಲಸಕ್ಕೆ: ಚುಟ್ಟಾವನ್ನು ಸರಿಯಾಗಿ ಎರಡು ಮಾಡುವುದಕ್ಕೆ. ಕೈಯಲ್ಲಿ ಮುರಿದರೆ ಎಲೆ ಬಿಚ್ಚಿಕೊಳ್ಳುತ್ತಿತ್ತು, ಒಂದು ತುಂಡು ಉದ್ದ ಇನ್ನೊಂದು ಗಿಡ್ಡ ಆಗುತ್ತಿತ್ತು. ಇದರಲ್ಲಿ ಎರಡೂ ಸಮ.

ಸಮ ಆಗಲೇಬೇಕಿತ್ತು. ಅಪ್ಪನಿಗೆ ಅರ್ಧ ಚುಟ್ಟಾ ಎಂದರೆ ಒಂದು ಅಳತೆ. ಮದ್ದಿನ ಹತ್ತಿರ ಅವನು ಎಂದೂ ಬೆಂಕಿ ಹಿಡಿದವನಲ್ಲ, ಸಿಡಿತ ಮುಗಿದ ಮೇಲಷ್ಟೇ ಸೇದುತ್ತಿದ್ದ. ಸೈರನ್ ಕೂಗಿದ ಮೇಲೆ ಕೆಲಸದವರೆಲ್ಲ ದೂರದ ತಗಡಿನ ಶೆಡ್ಡಿಗೆ ಬಂದು ಕೂರುತ್ತಿದ್ದರು. ಕುಳಿಗಳು ಒಂದರ ಹಿಂದೊಂದು ಸಿಡಿಯುತ್ತಿದ್ದವು, ಅಪ್ಪ ಬೆರಳ ಗೆಣ್ಣಿನ ಮೇಲೆ ಎಣಿಸುತ್ತಿದ್ದ. ಕೊನೆಯದಾದ ಮೇಲೆ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ಚುಟ್ಟಾ ಕತ್ತರಿಸಿ, ಒಂದು ತುಂಡನ್ನು ಕಿವಿಯ ಸಂದಿಯಲ್ಲಿ ಸಿಕ್ಕಿಸಿ ಇನ್ನೊಂದನ್ನು ಹಚ್ಚುತ್ತಿದ್ದ. ಆ ತುಂಡು ಮುಗಿಯುವವರೆಗೆ ಯಾರೂ ಗಣಿಗುಂಡಿಗೆ ಇಳಿಯುವಂತಿಲ್ಲ. ಯಾವುದಾದರೂ ಕುಳಿ ತಡವಾಗಿ ಸಿಡಿಯುವುದಿದ್ದರೆ ಅಷ್ಟರೊಳಗೆ ಸಿಡಿಯುತ್ತದೆ ಎನ್ನುವುದು ಅವನ ಲೆಕ್ಕ. ಅವನಿಗೆ ಕೆಲಸ ಕಲಿಸಿದವರೂ ಹಾಗೇ ಕೂರುತ್ತಿದ್ದರಂತೆ.

"ದೊಡ್ಡಪ್ಪಾ, ಜಲ್ದಿ ಜಲ್ದಿ ಎಳೀರಿ, ಹಸಿವಾಗೈತಿ," ಎಂದು ಟಿಪ್ಪರ್ ಡ್ರೈವರುಗಳು ಕಾಡುತ್ತಿದ್ದರು.

"ಹಸಿದವರು ಕಲ್ಲು ತಿನ್ನಾಕ ಹೊಂಟೀರೇನಲೇ? ಕುಂದ್ರಿ," ಎನ್ನುತ್ತಿದ್ದ ಅಪ್ಪ.

ಹೊಸಪೇಟೆಯಲ್ಲಿ ಬಿ.ಕಾಂ. ಮುಗಿಸಿದ ಮೇಲೆ ನನಗೂ ಅದೇ ಗಣಿಯ ಆಫೀಸಿನಲ್ಲಿ ಕಂಪ್ಯೂಟರ್ ಮುಂದೆ ಕೂರುವ ಕೆಲಸ ಸಿಕ್ಕಿತು. ನಾನು ಸೇರಿದ ಮರುವರ್ಷ ಅದಿರಿನ ದರ ಏರಿತು. ರಸ್ತೆಯ ತುಂಬ ಟಿಪ್ಪರುಗಳು. ಅದಿರಿನ ಧೂಳಿಗೆ ಕಮಲಾಪುರದ ಬಾಳೆ ಎಲೆಗಳೂ ಕೆಂಪಾದವು, ಊಟಕ್ಕೆ ತಂದರೆ ಎರಡೆರಡು ಸಲ ತೊಳೆಯಬೇಕು. ದಿನಕ್ಕೊಂದು ಸಲ ಆಗುತ್ತಿದ್ದ ಸಿಡಿತ ಎರಡು ಸಲವಾಯಿತು. ಹೊಸದಾಗಿ ಬಂದ ಸೂಪರ್‌ವೈಸರ್‌ಗೆ ಅಪ್ಪ ಕೂರುವ ಹೊತ್ತು ಕಂಡರೆ ಆಗುತ್ತಿರಲಿಲ್ಲ.

ಒಂದು ಮಧ್ಯಾಹ್ನ ಶೆಡ್ಡಿನಲ್ಲಿ ಆತ ತಡೆಯಲಾರದೆ ಅಂದ: "ನಿಮ್ಮ ಚುಟ್ಟಾ ಮುಗಿಯೋದ್ರಾಗ ಅಲ್ಲಿ ಹಡಗು ಬಂದರು ಬಿಟ್ಟು ಹೋಗ್ತೈತ್ರಿ ಯಜಮಾನ್ರ."

"ಹಡಗು ಹೋದ್ರ ಇನ್ನೊಂದು ಬರ್ತೈತಿ ಸರ. ತಲಿ ಹೋದ್ರ?"

ಎಲ್ಲರೂ ನಕ್ಕರು. ಸೂಪರ್‌ವೈಸರ್ ನಗಲಿಲ್ಲ. ಮಾತು ಜಗಳಕ್ಕೆ ತಿರುಗುತ್ತದೆ ಅನ್ನಿಸಿತು. ಸಿಡಿತದ ಲೆಕ್ಕ ಬರೆಯಲು ರಿಜಿಸ್ಟರ್ ಹಿಡಿದು ಕೂತಿದ್ದ ನಾನು ಹಗುರ ಮಾಡಲು ಬಾಯಿ ಹಾಕಿದೆ.

"ಅಪ್ಪಾ, ಅರ್ಧನ್ನ ಇನ್ನೊಮ್ಮೆ ಅರ್ಧ ಮಾಡು. ಅದೂ ಅರ್ಧನ ಅಲ್ಲೇನು? ನಿನ್ನ ರೂಢೀನೂ ಉಳೀತೈತಿ, ಸರ್‌ಗೆ ಹಡಗೂ ಸಿಗ್ತೈತಿ."

ಶೆಡ್ಡು ಹಾರಿಹೋಗುವಂತೆ ನಕ್ಕರು. ಸೂಪರ್‌ವೈಸರ್ ತೊಡೆ ತಟ್ಟಿದ. "ನೋಡ್ರಿ, ಓದಿದೋರ ತಲಿ ಅಂದ್ರ ಹಿಂಗಿರಬೇಕು! ಮಸ್ತ್ ಹೇಳಿದಿ ನೋಡವ್ವ."

ಅಪ್ಪ ನನ್ನನ್ನು ನೋಡಿದ. ಅಷ್ಟು ಜನರ ಮುಂದೆ ಮಗಳನ್ನು ಹೊಗಳಿದ್ದರು. ಅವನ ಮುಖದಲ್ಲಿದ್ದದ್ದು ಹೆಮ್ಮೆ, ಬೇರೇನೂ ಅಲ್ಲ. ಉಂಗುರ ಕತ್ತರಿ ತೆಗೆದು ಕೈಯಲ್ಲಿದ್ದ ಅರ್ಧವನ್ನು ಮತ್ತೆ ಅರ್ಧ ಮಾಡಿದ. ಟಕ್.

ಮರುದಿನವೂ ಅಷ್ಟೇ ಕತ್ತರಿಸಿದ. ವಾರದಲ್ಲಿ ಅದೇ ರೂಢಿಯಾಯಿತು. ಅದರಲ್ಲಿ ಯಾರಿಗೂ ತಪ್ಪು ಕಾಣಲಿಲ್ಲ, ಯಾಕೆಂದರೆ ನಿಯಮವನ್ನು ಯಾರೂ ಮುರಿದಿರಲಿಲ್ಲ. ಸಿಡಿತವಾದ ಮೇಲೆ ಅಪ್ಪ ಕೂರುತ್ತಿದ್ದ, ತುಂಡು ಹಚ್ಚುತ್ತಿದ್ದ, ತುಂಡು ಮುಗಿಯುವವರೆಗೆ ಒಬ್ಬರೂ ಏಳುತ್ತಿರಲಿಲ್ಲ. ತುಂಡು ಮಾತ್ರ ಚಿಕ್ಕದಾಗಿತ್ತು. ಒಂದು ಸಂಜೆ ಮನೆಯ ಕಟ್ಟೆಯ ಮೇಲೆ ಕೂತು ನಾಳೆಯ ಚುಟ್ಟಾ ಕತ್ತರಿಸುತ್ತ ಕೇಳಿದ: "ಕಾಲು ಚುಟ್ಟಾ ಸಾಕಾಗ್ತೈತೇನವ್ವ?"

"ಇಷ್ಟು ದಿನ ಏನಾಗೈತಿ ಅಪ್ಪಾ?" ಎಂದೆ ಒಳಗೆ ಕೂತಿದ್ದ ನಾನು. ಅವನು ಕೇಳಿದ್ದು ನಾನು ಓದಿದವಳು ಎಂದು. ನಾನು ಉತ್ತರ ಕೊಟ್ಟದ್ದು ಟಿವಿಯ ಮೇಲಿನ ಕಣ್ಣು ತೆಗೆಯದೆ.

ಆ ದಿನ ಹನ್ನೆರಡು ಕುಳಿ. ಹನ್ನೊಂದು ಸಿಡಿದವು. ನಾನೂ ಎಣಿಸಿದ್ದೆ. "ಒಂದು ಉಳದೈತಿ," ಎಂದ ಅಪ್ಪ. ಕಾಲು ತುಂಡು ಹಚ್ಚಿದ. ಕೆಳಗಿನ ರಸ್ತೆಯಲ್ಲಿ ಟಿಪ್ಪರುಗಳು ಹಾರ್ನ್ ಹೊಡೆಯುತ್ತಿದ್ದವು. ಅವನು ಎಂದಿಗಿಂತ ನಿಧಾನವಾಗಿ ಎಳೆದ ಎಂದು ನನಗೀಗ ಅನ್ನಿಸುತ್ತದೆ, ಹೌದೋ ಅಲ್ಲವೋ ಹೇಳಲಾರೆ. ಬೆರಳು ಸುಡುವಷ್ಟಾದಾಗ ತುಂಡನ್ನು ಕೆಳಗೆ ಹಾಕಿ ಚಪ್ಪಲಿಯಿಂದ ಹೊಸಕಿ ಎದ್ದ. ಯಾರೋ ಜೊತೆಗೆ ಎದ್ದರು.

"ಯಾರೂ ಬ್ಯಾಡ. ನಾನು ನೋಡಿ ಬರ್ತೀನಿ," ಎಂದ. ಬಿಸಿಲಿಗೆ ಟವೆಲ್ಲನ್ನು ತಲೆಗೆ ಸುತ್ತಿಕೊಂಡ.

ಅವನ ಬೆನ್ನು ಇಳಿಜಾರಿನಲ್ಲಿ ಇಳಿಯಿತು. ಗುಂಡಿಯ ಅಂಚಿನಲ್ಲಿ ನಿಂತ. ಬಗ್ಗಿದ. ನನಗೆ ಮೊದಲು ಕಂಡದ್ದು ಟವೆಲ್ ಮೇಲಕ್ಕೆ ಹೋದದ್ದು. ಶಬ್ದ ಆಮೇಲೆ ಬಂತು. ಆಮೇಲೆ ತಗಡಿನ ಮೇಲೆ ಕಲ್ಲು ಬಿದ್ದವು, ಬೀಳುತ್ತಲೇ ಇದ್ದವು, ನಾನು ರಿಜಿಸ್ಟರನ್ನು ತಲೆಯ ಮೇಲೆ ಹಿಡಿದಿದ್ದೆ. ಹನ್ನೆರಡು ಎಂದು ಯಾರೋ ಅಂದರು. ನಾನೇ ಇರಬೇಕು.

ಈಗಲೂ ಬಸ್ಸಿನಲ್ಲಿ, ಅಡುಗೆಮನೆಯಲ್ಲಿ, ಆ ದಿನ ಮನಸ್ಸಿನಲ್ಲಿ ಮೊದಲಿನಿಂದ ಶುರುವಾಗುತ್ತದೆ. ಪ್ರತಿ ಸಲ ತುಂಡನ್ನು ಸ್ವಲ್ಪ ಉದ್ದ ಮಾಡಿ ನೋಡುತ್ತೇನೆ. ಅರ್ಧ ಇದ್ದಿದ್ದರೆ ಅಪ್ಪ ನೆಲದ ಮೇಲೆ ಕೂತೇ ಇರುತ್ತಿದ್ದ, ಕುಳಿ ಅದರ ಪಾಡಿಗೆ ಸಿಡಿಯುತ್ತಿತ್ತು, ಅವನು ಗೆಣ್ಣು ಮಡಚಿ "ಲೆಕ್ಕ ಸರಿಹೋತು ನೋಡ್ರಿ" ಎನ್ನುತ್ತಿದ್ದ. ಅಷ್ಟು ದೂರ ಬಂದ ಮೇಲೆ ಟವೆಲ್ ಮತ್ತೆ ಮೇಲಕ್ಕೆ ಹೋಗುತ್ತದೆ.

ಬಳ್ಳಾರಿಯ ಆಸ್ಪತ್ರೆಯಲ್ಲಿ ಅಪ್ಪ ಮೂರು ದಿನ ಇದ್ದ. ಎರಡನೆಯ ದಿನ ಹೇಳಿಕೆ ಬರೆದುಕೊಳ್ಳಲು ಒಬ್ಬ ಅಧಿಕಾರಿ ಬಂದರು. ಎಷ್ಟು ಹೊತ್ತು ಕಾದಿರಿ ಎಂದು ಕೇಳಿದರು. ಕಣ್ಣಿಗೆ ಬ್ಯಾಂಡೇಜ್ ಸುತ್ತಿದ್ದ ಅಪ್ಪ ತಡವರಿಸದೆ ಹೇಳಿದ:

"ಅರ್ಧ ಚುಟ್ಟಾ ಸೇದಿ ಹೋದೆ ಸಾಹೇಬ್ರ. ಯಾವತ್ತಿನಂಗ."

ಅಧಿಕಾರಿ ನನ್ನತ್ತ ತಿರುಗಿದರು. "ನೀವು ಅಲ್ಲೇ ಇದ್ರಂತಲ್ಲಮ್ಮ, ಹೌದೇನು?"

ಅಪ್ಪನ ಮುಖ ನನ್ನ ದನಿ ಬರುವ ಕಡೆಗೆ ಹೊರಳಿತು. "ಹೌದ್ರಿ," ಎಂದೆ. ಸಹಿ ಮಾಡಿದೆ. ಅವರು ಹೋದ ಮೇಲೆ ಅಪ್ಪ "ಚಲೋ ಆತು" ಎಂದ, ಅಷ್ಟೇ. ಕಾಲು ಮಾಡಿಸಿದ್ದು ನನ್ನ ಮಾತು ಎನ್ನುವುದು ಹೊರಗೆ ಬರಬಾರದೆಂದೇ ಅವನು ಅಧಿಕಾರಿಗೆ ಅರ್ಧ ಎಂದಿದ್ದ. ಮರುದಿನ ಮಧ್ಯಾಹ್ನ ಹೋದ.

ತಿಂಗಳ ಮೇಲೆ ನಾನು ಕೆಲಸಕ್ಕೆ ಮರಳಿದೆ. ಚೋರನೂರು ಕಡೆಯ ಹೊಸ ಬ್ಲಾಸ್ಟರ್ ಬಂದಿದ್ದ. ನನಗಿಂತ ಒಂದೆರಡು ವರ್ಷ ದೊಡ್ಡವನಿರಬಹುದು, ಹೆಂಡತಿ ಬಸುರಿ ಎಂದು ಎಲ್ಲರಿಗೂ ಹೇಳಿಕೊಂಡು ಓಡಾಡುತ್ತಿದ್ದ. ಮೊದಲ ಸಿಡಿತದ ಬೆಳಿಗ್ಗೆ ಆಫೀಸಿಗೆ ಬಂದು ನನ್ನ ಮೇಜಿನ ಮುಂದೆ ನಿಂತ.

"ಅಕ್ಕಾರ, ನಿಮ್ಮಪ್ಪಾರು ಸಿಡಿದ ಮ್ಯಾಲೆ ಎಷ್ಟೊತ್ತು ಕುಂದರ್ತಿದ್ರು?"

ನಾನು ಬಾಯಿ ತೆರೆಯುವ ಮೊದಲೇ ಸೂಪರ್‌ವೈಸರ್ ಹೇಳಿದ: "ಕಾಲು ಚುಟ್ಟಾ. ಇಲ್ಲಿ ಅದ ರೂಢಿ."

ಮೇಜು ಹಿಡಿದು ಎದ್ದೆ. "ಅದು ರೂಢಿ ಅಲ್ಲ. ಅದು ನಾನು ಮಾಡಿದ ತಮಾಷೆ. ಅರ್ಧ ಕುಂದರ್ತಿದ್ದ ನಮ್ಮಪ್ಪ. ನನ್ನ ಮಾತು ಕೇಳಿ ಕಾಲು ಮಾಡಿದ, ಅದಕ್ಕ ಹೋದ."

"ಏನವ್ವಾ ಇದು, ಸಾಹೇಬ್ರ ಮುಂದ ಅರ್ಧ ಅಂತ ಸಹಿ ಹಾಕಿದಾಕಿ ನೀನ!"

"ಹಾಕೀನಿ. ಸುಳ್ಳು ಹಾಕೀನಿ."

ಹೊಸಬ ಒಮ್ಮೆ ಅವನನ್ನು, ಒಮ್ಮೆ ನನ್ನನ್ನು ನೋಡಿದ. "ನಾನು ಚುಟ್ಟಾ ಸೇದಂಗಿಲ್ಲಕ್ಕ," ಎಂದ ಮೆಲ್ಲಗೆ. "ಗಡಿಯಾರದಾಗ ಹೇಳ್ರಿ."

ಹೇಳಿದೆ. ಒಂದು ಚೀಟಿಯಲ್ಲಿ ದೊಡ್ಡ ಅಕ್ಷರದಲ್ಲಿ ಬರೆದೂ ಕೊಟ್ಟೆ.

ಮಧ್ಯಾಹ್ನ ಸೈರನ್ ಕೂಗಿದಾಗ ನಾನು ಶೆಡ್ಡಿಗೆ ಹೋಗಲಿಲ್ಲ, ಆಫೀಸಿನ ಕಿಟಕಿಯಲ್ಲಿ ನಿಂತೆ. ಎಲ್ಲ ಕುಳಿಗಳೂ ಸಿಡಿದವು. ಹೊಸಬ ಶೆಡ್ಡಿನ ಮುಂದೆ ಕೂತ. ಹಾರ್ನ್‌ಗಳು ಶುರುವಾದವು. ಸೂಪರ್‌ವೈಸರ್ ಎರಡು ಸಲ ಹತ್ತಿರ ಹೋಗಿ ಕೈ ಬೀಸಿದ. ಹೊಸಬ ಮಣಿಕಟ್ಟಿನ ಗಡಿಯಾರ ನೋಡಿಕೊಂಡು ತಲೆ ಅಲ್ಲಾಡಿಸಿದ, ಏಳಲಿಲ್ಲ. ಕೊನೆಗೆ ಅವನು ಎದ್ದು, ಲುಂಗಿಯ ಧೂಳು ಕೊಡವಿ, ಗುಂಡಿಗೆ ಇಳಿದು, ಮೇಲೆ ಬಂದ.

ನಾನು ಚೀಲ ತೆಗೆದುಕೊಂಡು ಹೊರಗೆ ನಡೆದು, ಹೊಸಪೇಟೆ ಕಡೆ ಹೊರಟಿದ್ದ ಟಿಪ್ಪರಿಗೆ ಕೈ ಮಾಡಿದೆ. ಆ ಗಣಿಗೆ ಮತ್ತೆ ಹೋಗಲಿಲ್ಲ. ಸಹಿ ಮಾಡಿದ ಹೇಳಿಕೆಯನ್ನು ತಿದ್ದಿಸಲೂ ಹೋಗಲಿಲ್ಲ. ಅದು ಅಪ್ಪ ನನಗಾಗಿ ಆಡಿದ ಕೊನೆಯ ಮಾತು, ಅದನ್ನು ಸುಳ್ಳು ಎಂದು ಸರಕಾರಕ್ಕೆ ಬರೆದುಕೊಡಲು ನನ್ನ ಕೈ ಇಂದಿಗೂ ಏಳುತ್ತಿಲ್ಲ.