ಸಾಂಬ್ರಾಣಿ ಹೊಗೆಯೊಳಗಿಂದ ಬಂದ ಕೂಗು

ಮರದ ಅಂಟು ಜೀವ ತೆಗೆಯುತ್ತದೆ ಎಂದು ಯಾರಾದರೂ ಹೇಳಿದ್ದರೆ ಅವರ ಬಾಯಿ ಮುಚ್ಚಿಸುತ್ತಿದ್ದವಳು ನಾನೇ. ನಮ್ಮದು ಉಪ್ಪುಂದದಲ್ಲಿ ಮೀನು ವ್ಯಾಪಾರದ ಮನೆ. ವಾಸನೆ ಹೋಗಲೆಂದು ತಂದಿಟ್ಟಿದ್ದ ಸ್ಪ್ರೇ ಡಬ್ಬಿಗಳನ್ನೆಲ್ಲ, ಹಕ್ಕಿಗೆ ಆಗುವುದಿಲ್ಲವೆಂದು ಯಾವತ್ತೋ ಎಸೆದಿದ್ದೆ. ಕೆಮಿಕಲ್ ಆದರೆ ವಿಷ, ಮರದಿಂದ ಬಂದದ್ದಾದರೆ ಅಮೃತ. ನನ್ನ ಲೆಕ್ಕ ಅಷ್ಟೇ.

ಹಕ್ಕಿ ಅಪ್ಪಯ್ಯನದು. ಹಳದಿ ಜುಟ್ಟು, ಕೆನ್ನೆಗೆ ಕುಂಕುಮ ಒತ್ತಿದಂಥ ಕಾಕಟೀಲ್ ಗಿಳಿ. ಅಪ್ಪಯ್ಯ ಮೀನು ಮಾರಿ ಬಂದವರು ಗೇಟಿನಲ್ಲೇ ಬೈಕ್ ನಿಲ್ಲಿಸಿ ‘ಹ್ವಾಯ್’ ಎಂದು ಕೂಗುತ್ತಿದ್ದರು. ಅಮ್ಮನನ್ನು ಕರೆಯುವುದೇ ಹಾಗೆ. ಹಕ್ಕಿ ಅದನ್ನು ಕಲಿತು, ಅದೇ ಎಳೆತದಲ್ಲಿ ಕೂಗತೊಡಗಿತು. ಅಮ್ಮ ಎಷ್ಟೋ ಸಲ ಒದ್ದೆ ಕೈಯಲ್ಲೇ ಗೇಟಿಗೆ ಓಡಿ, ಯಾರೂ ಇಲ್ಲದ್ದು ನೋಡಿ ಹಕ್ಕಿಗೆ ಬೈಯುತ್ತ ಒಳಗೆ ಬರುತ್ತಿದ್ದಳು. ಅಪ್ಪಯ್ಯ ತೀರಿಕೊಂಡ ಮೇಲೂ ಅದು ಕೂಗುತ್ತಿತ್ತು. ಆಗ ಅಮ್ಮ ಬೈಯಲಿಲ್ಲ.

ಮೊದಲ ವರ್ಷದ ಎಡೆಯ ದಿನ ಬಂತು. ತೀರಿಹೋದವರಿಗೆ ಇಷ್ಟವಾದದ್ದನ್ನೆಲ್ಲ ಎಲೆಗೆ ಬಡಿಸಿ, ಬಾಗಿಲು ಮುಚ್ಚಿ, ಸ್ವಲ್ಪ ಹೊತ್ತು ಎಲ್ಲರೂ ಹೊರಗೆ ನಿಲ್ಲುವುದು ನಮ್ಮ ಕ್ರಮ. ಅವರು ಉಂಡು ಮುಗಿಸುವ ತನಕ ತೆರೆಯಬಾರದು. ಕಾಣೆ ಮೀನಿನ ಫ್ರೈ, ಕೋಳಿ ಸುಕ್ಕ ಎಲ್ಲ ಬಡಿಸಿಯಾಯಿತು. ಅಪ್ಪಯ್ಯನ ತಂಗಿ, ನನ್ನ ಅತ್ತೆ, ತಮ್ಮೂರು ಶಂಕರನಾರಾಯಣದಿಂದ ಬರುವಾಗ ಅಪ್ಪಟ ಸಾಂಬ್ರಾಣಿ ತಂದಿದ್ದರು. ಕೆಂಡದ ಮೇಲೆ ಒಂದು ಮುಷ್ಟಿ ಸುರಿದರು. ಅದೇ ಕೋಣೆಯಲ್ಲಿದ್ದ ಪಂಜರವನ್ನು ಹೊರಗೆ ತರಲು ಹೋದರೆ ನನ್ನನ್ನು ತಡೆದರು.

“ಅದ್ ಅಲ್ಲೇ ಇರ್ಲಿ ಮಗಾ. ಅಣ್ಣಂಗೆ ಅದೇ ಅಲ್ದಾ ಜೀವ? ಮರದ್ ಅಂಟ್, ಅದ್ರಿಂದ ಎಂತ ಆತ್ತ್?”

ಎಂತದೂ ಆಗದು ಎಂದು ನನಗೂ ಅನಿಸಿತು. ಬಾಗಿಲು ಮುಚ್ಚಿದೆವು.

ಸ್ವಲ್ಪ ಹೊತ್ತಿಗೆ ಒಳಗಿಂದ ಕೇಳಿತು, “ಹ್ವಾಯ್!”

ಅತ್ತೆ ಗೊಳೋ ಎಂದು ಅಳುತ್ತ ಕೈ ಮುಗಿದರು. “ಕೇಂಡ್ರ್ಯಾ ಅತ್ತಿಗೆ? ಅಣ್ಣ ಉಂಬುಕ್ ಬಂದ್ರ್!”

ಹಕ್ಕಿಯ ಕೂಗೆಂದು ಗೊತ್ತಿದ್ದೂ ನಾನು ಕೈ ಮುಗಿದೆ. ಮತ್ತೆ ‘ಹ್ವಾಯ್’. ಮತ್ತೊಮ್ಮೆ, ಈ ಸಲ ಅರ್ಧಕ್ಕೇ ನಿಂತಿತು. ಆಮೇಲೆ ಪಂಜರದ ತಗಡಿನ ಮೇಲೆ ಏನೋ ದಪ್ಪೆಂದು ಬಿದ್ದ ಸದ್ದು.

ಅಮ್ಮ ಬಾಗಿಲಿಗೆ ಕೈ ಹಾಕಿದಳು.

“ತೆಗೂಕಾಗ ಅತ್ತಿಗೆ! ಇನ್ನೂ ಉಂಡ್ ಆಯ್ಲಿಲ್ಲೆ!” ಎಂದು ಅತ್ತೆ ಅಡ್ಡ ಬಂದರು.

“ಸತ್ತೋರ್ ಕಾಯ್ತ್ರ್ ಮಾರಾಯ್ತಿ, ಅದ್ ಕಾಯ್ತಿಲ್ಲೆ” ಎಂದು ಅಮ್ಮ ಬಾಗಿಲು ದೂಡಿದಳು.

ಅಯ್ಯೋ ದೇವರೇ, ಆ ಹೊಗೆ! ಬಡಿಸಿಟ್ಟ ಎಲೆಯೇ ಕಾಣುತ್ತಿರಲಿಲ್ಲ. ಹಕ್ಕಿ ಪಂಜರದ ತಳದಲ್ಲಿ ರೆಕ್ಕೆ ಹರಡಿ ಬಿದ್ದು, ಕೊಕ್ಕು ಬಿಟ್ಟು, ಉಸಿರಿಗೆ ಒದ್ದಾಡುತ್ತಿತ್ತು. ಅಮ್ಮ ಪಂಜರ ಎತ್ತಿಕೊಂಡು ಅಂಗಳದ ಗಾಳಿಗೆ ಓಡಿದಳು. ಒಂದು ಜೀವ ಉಸಿರು ಸಿಗದೆ ಕರೆಯುತ್ತಿದ್ದರೆ ನಾವು ಹೊರಗೆ ನಿಂತು ಸಂತೋಷದಿಂದ ಅತ್ತಿದ್ದೆವಲ್ಲ!

ಕುಂದಾಪುರದ ಪಶುವೈದ್ಯರು ಚೆನ್ನಾಗಿ ಬೈದರು. ಸಾಂಬ್ರಾಣಿ, ಊದುಬತ್ತಿ, ಕರ್ಪೂರ, ಪರಿಮಳದ ಎಣ್ಣೆ, ಯಾವುದನ್ನೇ ಹೊತ್ತಿಸಿದರೂ ಕಾಯಿಸಿದರೂ ಹಕ್ಕಿಯ ಉಸಿರಿಗೆ ಕುತ್ತು ಎಂದರು.

“ಮರದ್ದೇ ಅಲ್ದಾ ಸರ್?” ಎಂದೆ.

“ಕಾಸರಕದ ವಿಷದ ಕಾಯಿ ಮರದ್ದ್ ಅಲ್ದೆ ಮತ್ತೆಂತರದ್ದ್, ಕಬ್ಬಿಣದ್ದಾ?”

ಈಗ ಮೀನು ಹುರಿದ ದಿನ ಕಿಟಕಿಗಳನ್ನೆಲ್ಲ ತೆರೆದಿಡುತ್ತೇವೆ. ಪಂಜರದಿಂದ ದೂರದಲ್ಲಿ ಒಂದು ರೆಂಜೆ ಹೂವಿನ ಮಾಲೆ ತೂಗುತ್ತದೆ. ಒಣಗಿದರೂ ಪರಿಮಳ ಬಿಡದ ಹೂವು ಅದು, ಬೆಂಕಿ ಬೇಡ, ಹೊಗೆ ಬೇಡ.

ಮರುವರ್ಷದ ಎಡೆಗೆ ಅಮ್ಮ ಕೆಂಡ ಮಾಡಗೊಡಲಿಲ್ಲ, ಬಾಗಿಲನ್ನೂ ಮುಚ್ಚಲಿಲ್ಲ. ಅತ್ತೆಗೆ ಸಂಕಟ. “ಬಾಗ್ಲ್ ಮುಚ್ದೆ ಅಣ್ಣ ಹ್ಯಾಂಗ್ ಬಪ್ಪುದ್?”

“ತೆರ್ದಿದ್ರೇ ಅಲ್ದಾ ಬಪ್ಪುದ್?” ಎಂದಳು ಅಮ್ಮ.

ಹಕ್ಕಿ ಬದುಕಿದೆ. ಕಾಳು ತಿನ್ನುತ್ತದೆ, ಸಿಳ್ಳೆ ಹಾಕುತ್ತದೆ. ‘ಹ್ವಾಯ್’ ಮಾತ್ರ ಮತ್ತೆ ಬರಲಿಲ್ಲ. ಅಪ್ಪಯ್ಯನ ದನಿಯನ್ನು ನಾವು ಕೊನೆಯ ಸಲ ಕೇಳಿದ್ದು ಆ ದಿನ, ಮುಚ್ಚಿದ ಬಾಗಿಲಿನ ಹೊರಗೆ ಕೈ ಮುಗಿದು ನಿಂತಾಗ.