ಮೈಲಿಗೆ ತೊಳೆದ ಐದು ರೂಪಾಯಿ

ನಾನು ನಿಂತಿದ್ದದ್ದು ಕೆ.ಆರ್. ನಗರದಲ್ಲಿ, ನನ್ನ ಗೆಳೆಯನ ಮನೆಯ ಹಿತ್ತಿಲ ಬಾಗಿಲಲ್ಲಿ, ಹೊಸ್ತಿಲ ಒಳಗೆ. ಹೋದ ವರ್ಷ ಶ್ರಾವಣದ ಒಂದು ಭಾನುವಾರ, ಬೆಳಗ್ಗೆ ಹತ್ತೂವರೆ. ಹುಣಸೂರಿನಿಂದ ಬಸ್ಸಿನಲ್ಲಿ ಬಂದವನು ಕಾಲು ತೊಳೆಯಲೆಂದು ಹಿಂದಕ್ಕೆ ಹೋಗಿದ್ದೆ. ಗೆಳೆಯನ ಹೆಂಡತಿ ಒಗೆಯುವ ಕಲ್ಲಿನ ಬಳಿ ಕೂತು ಹುಣಸೆಹಣ್ಣು, ಉಪ್ಪು ಹಾಕಿ ಏನನ್ನೋ ಉಜ್ಜುತ್ತಿದ್ದರು. ಪಕ್ಕದ ಮನೆಯ ಅಜ್ಜಿ ಚೊಂಬಿನಿಂದ ನೀರು ಹುಯ್ಯುತ್ತಿದ್ದರು. ಪೂಜೆ ಸಾಮಾನು ಅಂದುಕೊಂಡೆ. ನೀರು ಬಿದ್ದ ಮೇಲೆ ಕಂಡಿತು, ಅದು ನಾನು ನೋಡಲು ಬಂದಿದ್ದ ನಾಣ್ಯ.

"ಡಬ್ಬಿ ತೆಗಿಯೋವಾಗ ಕೈ ತಗುಲ್ಬುಡ್ತು ಅಣ್ಣ," ಅಂದರು ಗೆಳೆಯನ ಹೆಂಡತಿ. "ಕೈ ಮುಟ್ಟುದ್ರೆ ಮೈಲಿಗೆ ಅಂತ ಫೋನಲ್ಲಿ ನೀವೇ ಹೇಳಿದ್ರಲ್ಲ. ಅದ್ಕೇ ತೊಳ್ದೆ."

ಹೇಳಿದ್ದು ನಿಜ, ತಮಾಷೆಗೆ. ಬೆರಳಿನ ಬೆವರು ಹೊಸ ನಾಣ್ಯದ ಮೇಲೆ ಕಲೆಯಾಗಿ ಉಳಿಯುತ್ತದೆ ಎಂದು ವಿವರಿಸುವ ಬದಲು ಆ ಒಂದು ಪದ ಸಾಕು ಅನ್ನಿಸಿತ್ತು.

ಗೆಳೆಯ ಬಸ್ ಕಂಡಕ್ಟರ್ ಆಗಿದ್ದವನು. ಚಿಲ್ಲರೆಗೆಂದು ಬಂದ ಹೊಸ ಪೊಟ್ಟಣವೊಂದನ್ನು ಒಡೆದು, ಒಂದೂ ಗೀರಿಲ್ಲದ ಈ ಹಳದಿ ಐದು ರೂಪಾಯಿಯನ್ನು ಆರಿಸಿ, ಬದಲಿಗೆ ಜೇಬಿನ ಐದನ್ನು ಚೀಲಕ್ಕೆ ಹಾಕಿದ್ದ. ಸಕ್ಕರೆ ಕಾಯಿಲೆ ಅವನ ಕಣ್ಣು ಕಳೆದಿತ್ತು, ಈಗ ಮೂತ್ರಪಿಂಡವೂ ಸೋತಿತ್ತು. ಮೈಸೂರಿನ ನಾಣ್ಯ ಪ್ರದರ್ಶನದಲ್ಲಿ ಇದು ಒಮ್ಮೆ ತನ್ನ ಹೆಸರಿನಲ್ಲಿರಬೇಕು ಎನ್ನುವುದೊಂದೇ ಅವನ ಆಸೆ. ಅಷ್ಟು ಯೋಗ್ಯವೇ ಎಂದು ನಾಣ್ಯ ಸಂಗ್ರಹಿಸುವ ನಾನು ನೋಡಿ ಹೇಳಬೇಕಿತ್ತು.

"ಟಿಕೆಟ್ ತಕೊಂಡು ಬಂದ್ಯೇನ್ಲಾ, ಇಲ್ಲ ನನ್ ಹೆಸ್ರೇಳ್ಕೊಂಡು ಕೂತಿದ್ಯಾ?" ನಾನು ಒಳಗೆ ಹೋದೊಡನೆ ಮಂಚದಿಂದಲೇ ಕೇಳಿದ.

"ನಿನ್ ಹೆಸ್ರೇಳಿದ್ರೆ ಅರ್ಧ ದಾರೀಲಿ ಇಳಿಸ್ಬುಡೋರು," ಅಂದೆ. ನಕ್ಕ.

ಕಿಟಕಿಯ ಬಳಿ ಭೂತಗನ್ನಡಿ ಹಿಡಿದೆ. ಅಚ್ಚು ಪೂರ್ತಿ ಬಿದ್ದಿತ್ತು. ಸಿಂಹದ ಕೇಸರದ ಎಳೆಗಳು ಬಿಡಿಬಿಡಿಯಾಗಿದ್ದವು, ಅಕ್ಷರಗಳ ಅಂಚು ಎಲ್ಲೂ ಮೊಂಡಾಗಿರಲಿಲ್ಲ. ಅದನ್ನೆಲ್ಲ ಹೇಳಿದೆ. ಅವನು ತಲೆಯಾಡಿಸುತ್ತ ಕೇಳಿದ.

"ಬೆಳಕು ತಿರುಗ್ತದಾ?"

ಬಳಸದ ನಾಣ್ಯವನ್ನು ಮೆಲ್ಲಗೆ ಓರೆ ಮಾಡಿದರೆ ಬೆಳಕು ಸೈಕಲ್ ಚಕ್ರದ ಕಡ್ಡಿಗಳ ಹಾಗೆ ಅದರ ಮೇಲೆ ತಿರುಗಬೇಕು. ನಾನು ಮೂರು ಸಲ ಓರೆ ಮಾಡಿದೆ. ಬೆಳಕು ನಿಂತಲ್ಲೇ ನಿಂತಿತು. ಅಚ್ಚಿಲ್ಲದ ಬಯಲಿನ ತುಂಬ ಉಪ್ಪು ಉಜ್ಜಿದ ಕೂದಲಿನಂಥ ಗೀರು.

"ಇಲ್ಲ ಕಣೋ."

ಹೆಂಡತಿ ಬಾಗಿಲಲ್ಲಿ ಲೋಟ ಹಿಡಿದು ನಿಂತಿದ್ದರು. ಅವನು, "ಮೊದ್ಲಿಂದ್ಲೂವಾ?" ಅಂದ.

ನಾನು ಅವರ ಮುಖ ನೋಡಿದೆ. "ಮೊದ್ಲಿಂದ್ಲೂ," ಅಂದೆ.

"ಅಂಗಾದ್ರೆ ಕಣ್ಣಿದ್ದಾಗ್ಲೂ ನಂಗೆ ಕಂಡಿರ್ನಿಲ್ಲ ಅನ್ನು." ಗೋಡೆಯ ಕಡೆ ಹೊರಳಿದ. "ಮೈಸೂರು ಬ್ಯಾಡ ಬುಡು."

ಅವನ ಹೆಂಡತಿಯನ್ನು ಉಳಿಸಲು ಹೋಗಿ ಅವನ ಕೈಲಿ ಉಳಿದಿದ್ದ ಒಂದೇ ಹೆಮ್ಮೆಯನ್ನು ನಾನು ಕಿತ್ತುಕೊಂಡೆ ಎಂದು ಹೊಳೆದದ್ದು ವಾಪಸ್ ಬಸ್ಸಿನಲ್ಲಿ. ಫೋನ್ ಮಾಡಿ ನಿಜ ಹೇಳಬಹುದಿತ್ತು. ನಾಳೆ ಎಂದುಕೊಂಡೆ, ಹಾಗೆ ಹದಿನಾರು ದಿನ. ಹದಿನೇಳನೆಯ ದಿನ ಅವನು ತೀರಿಕೊಂಡ.

ಅವನ ಕಣ್ಣು ತಪ್ಪಿರಲಿಲ್ಲ. ಆ ಬೆಳಗ್ಗೆ ಹಿತ್ತಿಲಲ್ಲಿ ನಡೆದದ್ದನ್ನು ನನ್ನ ಜೊತೆ ಕಂಡವರು ಇಬ್ಬರು: ಅವನ ಹೆಂಡತಿ, ನೀರು ಹುಯ್ದ ಆ ಅಜ್ಜಿ. ಇಬ್ಬರೂ ಇದ್ದಾರೆ, ಬೇಕಾದರೆ ಕೇಳಬಹುದು.