ನೆಟಿಗೆ ಮುರಿದು ಕಲಿತ ಫ್ರೆಂಚ್

ಫ್ರೆಂಚರು ಮಹಾ ಜಿಪುಣರು. ಹತ್ತಕ್ಷರ ಬರೆದು ನಾಲ್ಕನ್ನೇ ಉಚ್ಚರಿಸುತ್ತಾರೆ. ಬರೆದದ್ದನ್ನೆಲ್ಲ ಬಾಯಿತುಂಬ ಓದಿ ಬೆಳೆದ ನನಗೆ ಅದನ್ನು ಕಂಡರೆ ಮೈಯೆಲ್ಲ ಉರಿಯುತ್ತಿತ್ತು. ಆದರೂ ದಾವಣಗೆರೆಯ ಶಾಲೆಯೊಂದರಲ್ಲಿ ಫ್ರೆಂಚ್ ಕಲಿಸುವ ಕೆಲಸ ಬೇಕೆಂದರೆ ಮೌಖಿಕ ಪರೀಕ್ಷೆ ಪಾಸಾಗಲೇಬೇಕು. ಇಲ್ಲವಾದರೆ ಅಣ್ಣ ಗೊತ್ತುಮಾಡಿದ್ದ ಜಗಳೂರಿನ ಗಂಡಿಗೆ ಕೊರಳೊಡ್ಡಬೇಕು.

ಉದ್ದುದ್ದದ ಕ್ರಿಯಾಪದಗಳನ್ನು ತುಂಡರಿಸಲು ಒಂದು ಉಪಾಯ ಮಾಡಿಕೊಂಡಿದ್ದೆ. ಒಂದು ತುಂಡಿಗೆ ಒಂದು ಬೆರಳಿನ ನೆಟಿಗೆ. 'ನಾವು ನೆನಪಿಸಿಕೊಂಡೇವು' ಎನ್ನುವುದಕ್ಕೆ ನು, ನು, ಸು, ವ್ಯಾಂ, ದ್ರಿ, ಯೋಂ. ಐದು ಬೆರಳು ಮುಗಿದರೆ ಇನ್ನೊಂದು ಕೈ.

ಪರೀಕ್ಷೆಯ ಹಿಂದಿನ ದಿನ ಹೊನ್ನಾಳಿಯ ನಮ್ಮ ಮನೆಯ ಹಿತ್ತಿಲಲ್ಲಿ ಕೂತು ಹೀಗೇ ಲಟಲಟ ಮುರಿಯುತ್ತಿದ್ದೆ. ಬೆಳಿಗ್ಗೆ ನ್ಯಾಮತಿ ರಸ್ತೆಯಲ್ಲಿ ಬೈಕಿನಿಂದ ಬಿದ್ದಿದ್ದ ಅಣ್ಣ ಕುಂಟುತ್ತ ಬಂದ. ನಮ್ಮ ಕಡೆ ಹೆಂಗಸರು ಯಾರಿಗಾದರೂ ಶಾಪ ಹಾಕುವಾಗ ನೆಟಿಗೆ ಮುರಿಯುತ್ತಾರೆ. ಅದು ನನಗೆ ಹೊಳೆಯಲೇ ಇಲ್ಲ.

"ನನಗೇ ನೆಟಿಗೆ ಮುರಿಯಾಕೆ ಕುಂತಿದ್ದೀಯೇನೇ? ನಾನು ಬಿದ್ದಿದ್ದು ಇದಕ್ಕೇ ಅನ್ನು!"

"ಪಾಠ ಅಣ್ಣಾ, ನಾಳೆ ಪರೀಕ್ಷೆ ಐತೆ."

"ಪಾಠ ಓದಾಕೆ ಬೆರಳು ಯಾಕೆ ಮುರೀಬೇಕು?"

ಜಡೆ ಹಿಡಿದೆಳೆದು ನನ್ನ ಮುಖವನ್ನು ಬಟ್ಟೆ ಒಗೆಯುವ ಕಲ್ಲಿಗೆ ಅಪ್ಪಳಿಸಿದ. ತುಟಿ ಸೀಳಿತು. ಬೆನ್ನಿಗೆ ಒದ್ದ. ಅವ್ವ ಓಡಿ ಬಂದಳು. ಬಿಡಿಸುತ್ತಾಳೆಂದುಕೊಂಡೆ. ಅವಳು ನನ್ನ ಎರಡೂ ಕೈ ಬಿಗಿಯಾಗಿ ಹಿಡಿದು, "ಮೊದ್ಲು ಶಾಪ ವಾಪಸ್ ತಗಳೇ, ಒಬ್ಬನೇ ಮಗ ಅವನು" ಎಂದು ಅತ್ತಳು. ಕೈ ಸಿಗದ ಸಿಟ್ಟಿಗೆ ಅಣ್ಣನ ಮುಂಗೈ ಕಚ್ಚಿದೆ, ರಕ್ತ ಬರುವವರೆಗೂ ಬಿಡಲಿಲ್ಲ. ಅವನು ಸೌದೆ ತುಂಡು ಎತ್ತಿಕೊಂಡ, ಅದು ಮುರಿಯುವ ತನಕ ಬಾರಿಸಿದ. ಅವನು ಅಲ್ಲೇ ಸಾಯಲಿ ಎಂದು ಮನಸಾರೆ ಬೇಡಿಕೊಂಡೆ.

ಮರುದಿನ ಬೆಳಿಗ್ಗೆ ಅವ್ವ, "ಯಾರಾದ್ರೂ ಕೇಳಿದ್ರೆ ಜಾರಿ ಬಿದ್ದೆ ಅನ್ನು" ಎಂದಳು. ತುಟಿಗೆ ಕರವಸ್ತ್ರ ಒತ್ತಿಕೊಂಡು ಬಸ್ಸು ಹತ್ತಿದೆ.

ಪರೀಕ್ಷೆಯಲ್ಲಿ ನು, ಸು ಎನ್ನಲು ತುಟಿ ಮುಂದೆ ಚಾಚಬೇಕು. ಚಾಚಿದಾಗಲೆಲ್ಲ ಗಾಯ ಬಾಯಿ ಬಿಡುತ್ತಿತ್ತು. ಕರವಸ್ತ್ರ ಕೆಂಪಾಯಿತು. ಪರೀಕ್ಷಕಿ ಅದನ್ನು ನೋಡಿದರು, ಏನಾಯಿತೆಂದು ಕೇಳಲಿಲ್ಲ. "ನಿಮ್ಮ ಕುಟುಂಬದ ಬಗ್ಗೆ ಹೇಳಿ" ಎಂದರು. ಇದ್ದದ್ದನ್ನು ಹೇಳಿಬಿಡಲೇ ಎಂದುಕೊಂಡೆ. ಜಗಳೂರಿನ ಗಂಡು ಕಣ್ಣ ಮುಂದೆ ಬಂದ. ತಿಂಗಳಿಂದ ಬಾಯಿಪಾಠ ಮಾಡಿದ್ದನ್ನೇ ಒಪ್ಪಿಸಿದೆ: ನನ್ನ ತಾಯಿ ತುಂಬ ಸೌಮ್ಯ ಸ್ವಭಾವದವರು, ನನ್ನ ಅಣ್ಣನಿಗೆ ನನ್ನ ಮೇಲೆ ಪ್ರಾಣ.

ಉಚ್ಚಾರಣೆ ಬಹಳ ಚೆನ್ನಾಗಿದೆ ಎಂದು ಮೆಚ್ಚಿ ಪಾಸು ಮಾಡಿದರು.